ಡಿಕ್ಕಿ ಎತ್ತಿ ಹಿಡಿಯುವ ಗಾಳಿ

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ಭಾನುವಾರ ಬೆಳಗ್ಗೆ ಮನೆಯ ಮುಂದೆ ಕಾರು ತೊಳೆಯುವ ನೋಟ ಸಾಮಾನ್ಯ. ಹೊಸ ಕಾರಾದರೆ ಹಿಂಬಾಗಿಲನ್ನು ಒಂದಿಷ್ಟು ಎತ್ತಿದರೆ ಸಾಕು, ಉಳಿದ ದೂರವನ್ನು ಅದೇ ಏರಿ ನಿಲ್ಲುತ್ತದೆ. ಹದಿನೈದು ವರ್ಷ ಕಂಡ ಕಾರಿನ ಕಥೆ ಬೇರೆ. ಒಂದು ಕೈಯಲ್ಲಿ ಬಾಗಿಲು ಹಿಡಿದು ಇನ್ನೊಂದು ಕೈಯಲ್ಲಿ ಚೀಲ ತುಂಬಬೇಕು; ಇಲ್ಲವಾದರೆ ಪೊರಕೆಯ ಹಿಡಿಯನ್ನೋ ಮಕ್ಕಳ ಕ್ರಿಕೆಟ್ ವಿಕೆಟ್ಟನ್ನೋ ಅದರಡಿಗೆ ಊರುಗೋಲಾಗಿ ಕೊಡಬೇಕು. ಊರುಗೋಲು ಜಾರಿದ ದಿನ ಹದಿನೈದು ಇಪ್ಪತ್ತು ಕಿಲೊ ತೂಕದ ಉಕ್ಕು ಮತ್ತು ಗಾಜು ತಲೆಯ ಮೇಲೋ ಬೆರಳಿನ ಮೇಲೋ ಬೀಳುತ್ತದೆ.

ಈ ಎರಡು ಕಾರುಗಳ ನಡುವಿನ ವ್ಯತ್ಯಾಸವೆಲ್ಲ ಬಾಗಿಲಿನ ಅಕ್ಕಪಕ್ಕ ಇರುವ ಎರಡು ಕಪ್ಪು ಕೊಳವೆಗಳದು. ಕಂಪನಿಯವರು ಅದನ್ನು ಗ್ಯಾಸ್ ಸ್ಟ್ರಟ್ ಅಥವಾ ಗ್ಯಾಸ್ ಸ್ಪ್ರಿಂಗ್ ಎನ್ನುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ಅದು ‘ಡಿಕ್ಕಿ ಶಾಕರ್’. ಡಿಕ್ಕಿ ಎಂಬ ಮಾತೂ ಸ್ವಾರಸ್ಯದ್ದೇ. ಕನ್ನಡಕ್ಕೆ ತನ್ನದೇ ಆದ ಡಿಕ್ಕಿಯೊಂದು ಮೊದಲಿನಿಂದ ಇದೆ. ಅದು ಹೊಡೆಯುವ ಡಿಕ್ಕಿ. ಸಾಮಾನು ತುಂಬುವ ಡಿಕ್ಕಿ ಇಂಗ್ಲಿಷಿನಿಂದ ಬಂದದ್ದು. ಕುದುರೆ ಗಾಡಿಯ ಹಿಂಬದಿಯಲ್ಲಿ ಸೇವಕರು ಕೂರುತ್ತಿದ್ದ ಪೀಠಕ್ಕೆ ಆ ಹೆಸರಿತ್ತು. ಹಳೆಯ ಕಾಲದ ಕಾರುಗಳಲ್ಲಿ ಹಿಂಭಾಗದ ಮುಚ್ಚಳ ತೆಗೆದರೆ ಕಾಣಿಸುತ್ತಿದ್ದ ಮಡಚು ಪೀಠಕ್ಕೂ ಅದೇ ಹೆಸರು ಅಂಟಿತು. ಪೀಠ ಹೋಯಿತು, ಹೆಸರು ನಮ್ಮಲ್ಲಿ ಉಳಿಯಿತು. ಆ ಮುಚ್ಚಳವನ್ನು ಎತ್ತಿ ಹಿಡಿಯುವ ಕೊಳವೆಗೆ ಮಾತ್ರ ಒಗ್ಗಿದ ಕನ್ನಡ ಹೆಸರು ಇನ್ನೂ ಹುಟ್ಟಿಲ್ಲ. ಅದರ ಇತಿಹಾಸವಾದರೋ ಮೂರೂವರೆ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ.

ಏತದಿಂದ ತಿದಿಗೆ

ಭಾರವಾದುದನ್ನು ಕಡಿಮೆ ಶ್ರಮದಿಂದ ಎತ್ತುವ ಉಪಾಯ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬಯಲುಸೀಮೆಯ ಬಾವಿಗಳ ಮೇಲಿದ್ದ ಏತ ಅದಕ್ಕೆ ಒಳ್ಳೆಯ ಸಾಕ್ಷಿ. ಉದ್ದನೆಯ ಮರದ ಒಂದು ತುದಿಯಲ್ಲಿ ನೀರಿನ ಪಾತ್ರೆ, ಇನ್ನೊಂದು ತುದಿಯಲ್ಲಿ ಕಲ್ಲಿನ ಭಾರ. ಕಲ್ಲು ಇಳಿಯುವಾಗ ನೀರು ಏರುತ್ತದೆ. ರೈಲ್ವೆ ಗೇಟಿನ ಅಡ್ಡಮರದ ಗಿಡ್ಡ ತುದಿಗೆ ಕಬ್ಬಿಣದ ಗಟ್ಟಿ ಕಟ್ಟಿರುವುದೂ ಇದೇ ತತ್ವದ ಮೇಲೆ. ಆದರೆ ಕಾರಿಗೆ ಇಂಥ ಎದುರು ಭಾರವನ್ನು ಕಟ್ಟುವಂತಿಲ್ಲ. ಬಾಗಿಲು ಹಗುರವಾಗಲೆಂದು ಕಾರನ್ನೇ ಭಾರ ಮಾಡಿದಂತಾಗುತ್ತದೆ. ತೂಕವಿಲ್ಲದ ಒಂದು ಎದುರು ಭಾರ ಬೇಕಾಗಿತ್ತು.

ಅದು ಸಿಕ್ಕಿದ್ದು ಗಾಳಿಯಲ್ಲಿ. ಗಾಳಿಯನ್ನು ಒತ್ತಿದರೆ ಅದು ತಿರುಗಿ ಒತ್ತುತ್ತದೆ ಎಂಬುದು ಕುಲುಮೆಯ ಮುಂದೆ ಕೂತು ತಿದಿ ಒತ್ತಿದ ಯಾವ ಕಮ್ಮಾರನಿಗೂ ಗೊತ್ತಿದ್ದ ಸಂಗತಿ. ಅದನ್ನು ಅಳತೆಗೆ ತಂದವನು ರಾಬರ್ಟ್ ಬಾಯ್ಲ್. ರಾಬರ್ಟ್ ಹುಕ್ ಎಂಬ ಚತುರ ಸಹಾಯಕ ಕಟ್ಟಿಕೊಟ್ಟ ಗಾಳಿ ಪಂಪಿನ ನೆರವಿನಿಂದ ನಡೆಸಿದ ಪ್ರಯೋಗಗಳನ್ನು ಬಾಯ್ಲ್ 1660ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅದರ ಶೀರ್ಷಿಕೆಯಲ್ಲೇ ‘ಗಾಳಿಯ ಸ್ಪ್ರಿಂಗ್’ ಎಂಬ ಮಾತಿದೆ. ಎರಡು ವರ್ಷಗಳ ಅನಂತರ, ಬಾಗಿದ ಗಾಜಿನ ನಳಿಗೆಯಲ್ಲಿ ಪಾದರಸ ಸುರಿದು, ಗಾಳಿಯ ಗಾತ್ರ ಅರ್ಧವಾದರೆ ಒತ್ತಡ ಇಮ್ಮಡಿಯಾಗುತ್ತದೆಂದು ಆತ ತೋರಿಸಿದ. ಹೈಸ್ಕೂಲಿನಲ್ಲಿ ಬಾಯ್ಲನ ನಿಯಮವೆಂದು ಬಾಯಿಪಾಠ ಮಾಡಿಸುವುದು ಇದನ್ನೇ. ಕಾರಿನ ಡಿಕ್ಕಿ ಎದ್ದು ನಿಲ್ಲುವುದೂ ಇದರಿಂದಲೇ.

ಫಿರಂಗಿಯಿಂದ ಕಾರಿಗೆ

ಅನೇಕ ಉಪಯುಕ್ತ ವಸ್ತುಗಳ ಹಾಗೆ ಇದರ ಬೆಳವಣಿಗೆಯೂ ಯುದ್ಧದ ಅಂಗಳದಲ್ಲಿ ಆಯಿತು. ಹಳೆಯ ಫಿರಂಗಿ ಹಾರಿಸಿದ ಪ್ರತಿ ಬಾರಿಯೂ ಗಾಡಿಸಮೇತ ಹಿಂದಕ್ಕೆ ಓಡುತ್ತಿತ್ತು. ಮತ್ತೆ ಮುಂದೆ ತಳ್ಳಿ ಗುರಿ ಹಿಡಿಯಬೇಕಾಗಿತ್ತು. ಫ್ರಾನ್ಸಿನ ಸೈನ್ಯ 1897ರಲ್ಲಿ ತಂದ 75 ಮಿ.ಮೀ. ಫಿರಂಗಿಯಲ್ಲಿ ನಳಿಗೆ ಮಾತ್ರ ಹಿಂದೆ ಜಾರಿ, ಎಣ್ಣೆಯನ್ನು ನೂಕಿ, ಆ ಎಣ್ಣೆ ಗಾಳಿಯನ್ನು ಹಿಂಡಿ, ಹಿಂಡಿದ ಗಾಳಿ ನಳಿಗೆಯನ್ನು ಮೆಲ್ಲನೆ ಸ್ವಸ್ಥಾನಕ್ಕೆ ತರುತ್ತಿತ್ತು. ಗಾಳಿ ಎತ್ತುವುದು, ಎಣ್ಣೆ ತಡೆಯುವುದು. ಈ ಜೋಡಿಯೇ ಮುಂದೆ ವಿಮಾನದ ಇಳಿಗಾಲುಗಳಿಗೆ ಬಂತು. ನೆಲಕ್ಕೆ ಬಡಿಯುವ ವಿಮಾನ ಚೆಂಡಿನಂತೆ ಪುಟಿಯದೆ ಕುಳಿತುಕೊಳ್ಳುವುದು ಇದರ ಕೃಪೆ.

ಬೆಂಗಳೂರಿಗೆ ಈ ವಿದ್ಯೆಯ ಪರಿಚಯವಾದದ್ದು ಕಾರಿನಿಂದಲ್ಲ, ವಿಮಾನದಿಂದ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕನ್ ವಾಯುಪಡೆಯ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಅಲ್ಲಿಗೆ ಬರುತ್ತಿದ್ದ ಡಕೋಟ ವಿಮಾನಗಳ ಕಾಲುಗಳಲ್ಲಿ ಗಾಳಿಯೂ ಎಣ್ಣೆಯೂ ತುಂಬಿದ ಕೊಳವೆಗಳಿದ್ದವು.

ಕಾರಿನ ಲೋಕದಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು ಫ್ರಾನ್ಸಿನ ಸಿಟ್ರೋಯೆನ್. 1955ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದು ತೋರಿಸಿದ ಡಿಎಸ್ ಕಾರು ಉಕ್ಕಿನ ಸ್ಪ್ರಿಂಗಿಗೆ ಬದಲಾಗಿ ನೈಟ್ರೋಜನ್ ತುಂಬಿದ ಗೋಳಗಳ ಮೇಲೆ ಕುಳಿತಿತ್ತು. ಮುಚ್ಚಳ ಎತ್ತುವ ಪುಟ್ಟ ಕೊಳವೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು ಜರ್ಮನಿಯ ಕೋಬ್ಲೆಂಜ್ ನಗರದ ಸ್ಟೇಬಿಲಸ್ ಕಂಪನಿ. 1934ರಲ್ಲಿ ಹುಟ್ಟಿದ ಈ ಸಂಸ್ಥೆ 1962ರಲ್ಲಿ ಗ್ಯಾಸ್ ಸ್ಪ್ರಿಂಗುಗಳ ಸಾಮೂಹಿಕ ಉತ್ಪಾದನೆ ಆರಂಭಿಸಿತು. ಕಾಲವೂ ಕೂಡಿಬಂತು. 1965ರ ರೆನೋ 16, 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಮೊದಲಾದ ಕಾರುಗಳು ಹಿಂಭಾಗವನ್ನು ಗಾಜುಸಮೇತ ಇಡಿಯಾಗಿ ಮೇಲೆತ್ತುವ ಹ್ಯಾಚ್‌ಬ್ಯಾಕ್ ಮಾದರಿಯನ್ನು ಮನೆಮಾತಾಗಿಸಿದವು. ಗಾಜು ಹೊತ್ತ ಭಾರದ ಬಾಗಿಲಿಗೆ ಕಡ್ಡಿಯ ಆಸರೆ ಸಾಲದಾಯಿತು.

ಬೆಂಗಳೂರಿನ ರಸ್ತೆಗಳಲ್ಲಿ

ನಮ್ಮಲ್ಲಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳು ಆಳಿದ ದಶಕಗಳಲ್ಲಿ ಮುಚ್ಚಳ ಎತ್ತುವ ಕೆಲಸ ಉಕ್ಕಿನ ಸ್ಪ್ರಿಂಗು ಮತ್ತು ಕಡ್ಡಿಗಳದಾಗಿತ್ತು. ಹ್ಯಾಚ್‌ಬ್ಯಾಕ್ ಮನೆಮನೆಗೆ ಬಂದದ್ದು ಮಾರುತಿಯಿಂದ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಒಡೆಯನ ಕೈ ಸೇರಿತು. ಅದಕ್ಕೂ ಒಂದು ವರ್ಷ ಮುಂಚೆ ಬೆಂಗಳೂರಿನದೇ ಆದ ಸಿಪಾನಿ ಸಂಸ್ಥೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ ಮೇಲೆ, ಫೈಬರ್ ಮೈಯ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತ್ತು. ಮಾರುತಿಯ ಮುಂದೆ ಅದು ನಿಲ್ಲಲಿಲ್ಲ. 1993ರಲ್ಲಿ ಝೆನ್, 1998ರಲ್ಲಿ ಸ್ಯಾಂಟ್ರೊ ಮತ್ತು ಇಂಡಿಕಾ ಬಂದವು. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಹೊರಬಿತ್ತು. ಹಿಂಬಾಗಿಲು ಮೇಲಕ್ಕೆ ತೆರೆಯುವ ಗಾಡಿಗಳೇ ಎಲ್ಲೆಲ್ಲೂ ಕಾಣಿಸತೊಡಗಿದವು.

ಬಿಳೇಕಹಳ್ಳಿ ಹಳ್ಳಿಯಾಗಿದ್ದುದು ಬಡಾವಣೆಯಾಗಿ ಬದಲಾದದ್ದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ವಾಸ್ತುಶಿಲ್ಪಿ ಬಿ.ವಿ. ದೋಶಿ ಕಲ್ಲಿನಲ್ಲಿ ರೂಪಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಆವರಣ ಇಲ್ಲಿ ನೆಲೆಗೊಂಡದ್ದು ಮಾರುತಿ ರಸ್ತೆಗಿಳಿದ ಅದೇ 1983ರಲ್ಲಿ. ಆಡುಗೋಡಿಯ ಮೈಕೊ ಕಾರ್ಖಾನೆಯ ಹೆಸರು ಹೊತ್ತ ಬಡಾವಣೆಗಳು ಅರಕೆರೆಯಲ್ಲೂ ಬಿಟಿಎಂ ಕಡೆಯಲ್ಲೂ ಎದ್ದವು. ಮೈಕೊ 1951ರಲ್ಲಿ ಸ್ಥಾಪನೆಯಾಗಿ, ಡೀಸೆಲ್ ಪಂಪು ಮತ್ತು ಸ್ಪಾರ್ಕ್ ಪ್ಲಗ್ಗುಗಳಿಂದ ಹೆಸರು ಮಾಡಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಕೂದಲೆಳೆಗಿಂತ ನಯವಾದ ಅಳತೆಯಲ್ಲಿ ಉಕ್ಕನ್ನು ಉಜ್ಜುವ ವಿದ್ಯೆ ಈ ಪ್ರದೇಶದ ಅನೇಕ ಮನೆಗಳ ಅನ್ನವಾಗಿತ್ತು. ಆ ನಯವೇ ಗ್ಯಾಸ್ ಕೊಳವೆಯ ಜೀವವೂ ಹೌದು.

ಒಳಗೆ ಏನಿದೆ?

ಕೊಳವೆಯ ಒಳರಚನೆ ಸರಳ. ಗಟ್ಟಿಯಾಗಿ ಮುಚ್ಚಿದ ಉಕ್ಕಿನ ನಳಿಗೆ, ಅದರೊಳಗೆ ಓಡಾಡುವ ಹೊಳಪಿನ ದಂಡ, ದಂಡದ ಒಳತುದಿಯಲ್ಲಿ ಸಣ್ಣ ತೂತುಗಳುಳ್ಳ ಪಿಸ್ಟನ್, ಬಾಯಲ್ಲಿ ರಬ್ಬರಿನ ಸೀಲು. ಉಳಿದ ಜಾಗದಲ್ಲಿ ನೈಟ್ರೋಜನ್ ಮತ್ತು ಒಂದೆರಡು ಚಮಚದಷ್ಟು ಎಣ್ಣೆ. ನೈಟ್ರೋಜನ್ನನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಾವು ಉಸಿರಾಡುವ ಗಾಳಿಯಲ್ಲಿ ಶೇ 78 ಭಾಗ ಅದೇ, ಅಗ್ಗ. ತೇವವಿಲ್ಲದ ನೈಟ್ರೋಜನ್ ಉಕ್ಕಿಗೆ ತುಕ್ಕು ಹಿಡಿಸುವುದಿಲ್ಲ, ಎಣ್ಣೆಯೊಡನೆ ಸೇರಿ ಉರಿಯುವುದಿಲ್ಲ.

ಪಿಸ್ಟನ್ನಿನ ತೂತುಗಳ ಮೂಲಕ ಅನಿಲ ಎರಡು ಕಡೆಯೂ ಸಮನಾಗಿ ಹರಡುವುದರಿಂದ ಪಿಸ್ಟನ್ನನ್ನು ಅದು ಯಾವ ಕಡೆಗೂ ಹೆಚ್ಚಾಗಿ ತಳ್ಳಲಾರದು. ಹೊರಕ್ಕೆ ತಳ್ಳಲ್ಪಡುವುದು ದಂಡದ ದಪ್ಪದಷ್ಟು ಜಾಗ ಮಾತ್ರ. 8 ಮಿ.ಮೀ. ದಪ್ಪದ ದಂಡದ ಅಡ್ಡಕೊಯ್ತ ಸುಮಾರು ಅರ್ಧ ಚದರ ಸೆಂಟಿಮೀಟರ್. ಒಳಗಿನ ಒತ್ತಡ 100 ಬಾರ್ ಇದ್ದರೆ ಹೊರಬರುವ ಬಲ ಸುಮಾರು 500 ನ್ಯೂಟನ್, ಅಂದರೆ 51 ಕಿಲೊ ತೂಕದಷ್ಟು. ಕಾರಿನ ಟೈರಿನಲ್ಲಿ ಇರುವ ಒತ್ತಡ ಸುಮಾರು 2 ಬಾರ್ ಎಂಬುದನ್ನು ನೆನೆದರೆ ಈ ಪುಟ್ಟ ಕೊಳವೆಯ ರೋಷ ಅರ್ಥವಾದೀತು.

ಒಂದು ಲೆಕ್ಕ ನೋಡಬಹುದು. ಬಾಗಿಲಿನ ತೂಕ 20 ಕಿಲೊ, ಅದರ ಭಾರಕೇಂದ್ರ ತಿರುಗಣಿಯಿಂದ 50 ಸೆಂ.ಮೀ. ದೂರ ಎಂದುಕೊಳ್ಳೋಣ. ಕೊಳವೆ ತಳ್ಳುವ ಗೆರೆ ತಿರುಗಣಿಯಿಂದ 12 ಸೆಂ.ಮೀ. ದೂರದಲ್ಲಿ ಹಾಯುತ್ತದೆ. ಆಗ ಬಾಗಿಲು ನಿಲ್ಲಲು ಬೇಕಾದ ಬಲ ಸುಮಾರು 83 ಕಿಲೊ. ಎರಡು ಕೊಳವೆಗೆ ಹಂಚಿದರೆ ತಲಾ 42. ಕೊಳವೆ 51 ಕೊಡುತ್ತದೆ. ಮಿಕ್ಕ 9 ಕಿಲೊ ಮೀಸಲು. ಬಾಗಿಲು ತಾನಾಗಿ ಏರುವುದು ಈ ಮೀಸಲಿನಿಂದ. ಏರುವ ಕೊನೆಯ ಗಳಿಗೆಯಲ್ಲಿ ಪಿಸ್ಟನ್ ಎಣ್ಣೆಯೊಳಗೆ ನುಸುಳಬೇಕಾಗುವುದರಿಂದ ವೇಗ ತಗ್ಗಿ, ಬಾಗಿಲು ದಢಕ್ಕೆಂದು ಬಡಿಯದೆ ಮೆಲ್ಲನೆ ನಿಲ್ಲುತ್ತದೆ.

ಸೋರಿ ಹೋಗುವ ಬಲ

ಈ ಮೀಸಲು ಶಾಶ್ವತವಲ್ಲ. ಎಷ್ಟೇ ಒಳ್ಳೆಯ ರಬ್ಬರಾದರೂ ಅದರ ಮೂಲಕ ಅನಿಲ ಅಣುವಣುವಾಗಿ ಸೋರುತ್ತಲೇ ಇರುತ್ತದೆ. ದಂಡದ ಮೇಲೆ ಧೂಳು ಕೂತು, ಗೀರು ಬಿದ್ದು, ತುಕ್ಕಿನ ಚುಕ್ಕೆ ಎದ್ದರೆ ಪ್ರತಿ ಬಾರಿ ತೆರೆದು ಮುಚ್ಚುವಾಗಲೂ ಸೀಲು ತರಿದುಹೋಗುತ್ತದೆ. ಬಾಗಿಲಿಗೆ ಆಮೇಲೆ ಸ್ಪಾಯ್ಲರ್ ಮತ್ತಿತರ ಅಲಂಕಾರ ಕೂರಿಸಿದರೆ ಮೀಸಲು ಆ ದಿನವೇ ಕರಗುತ್ತದೆ.

ಮೊದಲ ಸೂಚನೆ ಸಿಗುವುದು ಮಾಗಿಯ ಚಳಿಯಲ್ಲಿ. ಮಧ್ಯಾಹ್ನ ಸರಿಯಾಗಿ ನಿಂತ ಬಾಗಿಲು ಧನುರ್ಮಾಸದ ನಸುಕಿನಲ್ಲಿ ಜಾರಿದರೆ ಹಲವರಿಗೆ ಅದು ಒಗಟು. ಮುಚ್ಚಿದ ಅನಿಲದ ಒತ್ತಡ ಉಷ್ಣತೆಯೊಂದಿಗೆ ಏರಿಳಿಯುತ್ತದೆ. ಹತ್ತು ಡಿಗ್ರಿ ಇಳಿದರೆ ಬಲ ಶೇ 3.4ರಷ್ಟು ಕುಗ್ಗುತ್ತದೆ. ಮೇಲಿನ ಉದಾಹರಣೆಯ ಕೊಳವೆ ವರ್ಷಗಳ ಸೋರಿಕೆಯಿಂದ ಶೇ 16 ಭಾಗ ಕಳೆದುಕೊಂಡು 43 ಕಿಲೊಗೆ ಇಳಿದಿದೆ ಎನ್ನೋಣ. ಬೇಕಾದ 42ಕ್ಕಿಂತ ಇನ್ನೂ ಒಂದು ಹೆಚ್ಚೇ ಇದೆ. ಹತ್ತು ಡಿಗ್ರಿಯ ಚಳಿ ಬಂದು ಮತ್ತೆ ಒಂದೂವರೆ ಕಿಲೊ ಕಸಿದರೆ ಬಾಗಿಲು ಕೆಳಗೆ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರಂದು 7.8 ಡಿಗ್ರಿ, ದಾಖಲೆಯ ಸೆಕೆ 2016ರ ಏಪ್ರಿಲ್ 24ರಂದು 39.2 ಡಿಗ್ರಿ. ಈ ಎರಡು ದಿನಗಳಲ್ಲಿ ಒಂದೇ ಕೊಳವೆಯನ್ನು ಅಳೆಯಲು ಸಾಧ್ಯವಿದ್ದರೆ ಬಲದಲ್ಲಿ ಶೇ 11ರಷ್ಟು ವ್ಯತ್ಯಾಸ ಕಾಣುತ್ತಿತ್ತು. ಹೀಗಾಗಿ ಚಳಿಯ ಬೆಳಗ್ಗೆ ಬಾಗಿಲು ನಿಲ್ಲುತ್ತದೆಯೇ ಎಂದು ನೋಡುವುದೇ ಖರ್ಚಿಲ್ಲದ ಪರೀಕ್ಷೆ.

ಆರೈಕೆ ಎಂದರೆ ಇಲ್ಲಿ ಹೆಚ್ಚೇನೂ ಇಲ್ಲ. ದಂಡವನ್ನು ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಗ್ರೀಸು ಬಳಿಯಬಾರದು, ಗ್ರೀಸಿಗೆ ಧೂಳು ಅಂಟಿ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಕಾರಿಗೆ ಬಣ್ಣ ಹೊಡೆಸುವಾಗ ದಂಡದ ಮೇಲೆ ಬಣ್ಣ ಬೀಳದಂತೆ ಮುಚ್ಚಿಸಬೇಕು. ಇಕ್ಕಳದಿಂದ ದಂಡವನ್ನು ಹಿಡಿಯಲೇಕೂಡದು. ಬಾಗಿಲು ಮುಚ್ಚಿದಾಗ ದಂಡ ಕೆಳಮುಖವಾಗಿ ಇರುವಂತೆ ಕೂರಿಸಿದರೆ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗದಂತೆ ಕಾಯುತ್ತದೆ. ತಲೆಕೆಳಗಾಗಿ ಕೂರಿಸಿದ ಕೊಳವೆ ಬೇಗ ಸಾಯುತ್ತದೆ.

ಬದಲಿಸುವ ಬಗೆ

ಬಲ ಕುಂದಿದ ಕೊಳವೆಯನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಕ್ರಮ ತಪ್ಪಿದರೆ ಅಪಾಯ ಅದರಲ್ಲೇ ಇದೆ. ಹಳೆಯ ಕೊಳವೆಯ ಮೈಮೇಲೆ ಭಾಗದ ಸಂಖ್ಯೆಯೂ ನ್ಯೂಟನ್ ಲೆಕ್ಕದ ಬಲವೂ ಮುದ್ರಿತವಾಗಿರುತ್ತವೆ. ಅದು ಮಾಸಿಹೋಗಿದ್ದರೆ ಪೂರ್ತಿ ಚಾಚಿದಾಗಿನ ಉದ್ದ, ದಂಡ ಒಳಹೋಗುವ ದೂರ, ತುದಿಯ ಗುಂಡಿನ ಅಳತೆ, ಈ ಮೂರನ್ನು ಬರೆದುಕೊಳ್ಳಬೇಕು. ಹೆಚ್ಚು ಬಲದ್ದಾದರೆ ಒಳ್ಳೆಯದಲ್ಲವೇ ಎಂಬ ಆಸೆ ಸಲ್ಲದು. ಅತಿ ಬಲದ ಕೊಳವೆ ತಿರುಗಣಿಯನ್ನೂ ತಗಡನ್ನೂ ಬಗ್ಗಿಸುತ್ತದೆ, ಬಾಗಿಲು ಮುಚ್ಚುವುದೇ ಕುಸ್ತಿಯಾಗುತ್ತದೆ. ಉದ್ದ ಹೆಚ್ಚಾದರೆ ಮುಚ್ಚುವಾಗ ಗಾಜು ಒಡೆದೀತು.

ಎರಡು ಕೊಳವೆಗಳನ್ನೂ ಜೊತೆಗೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಬಾಗಿಲು ಒಂದು ಕಡೆ ತಿರುಚಿಕೊಳ್ಳುತ್ತದೆ. ಎತ್ತಿನ ಗಾಡಿಗೆ ಒಂದು ಕಡೆ ಹೋರಿ, ಇನ್ನೊಂದು ಕಡೆ ಕರು ಕಟ್ಟಿದ ಹಾಗೆ. ಬಾಗಿಲನ್ನು ಪೂರ್ತಿ ಎತ್ತಿ, ಇನ್ನೊಬ್ಬರ ಕೈಗೆ ಕೊಟ್ಟು ಅಥವಾ ಗಟ್ಟಿಯಾದ ಮರದ ಆಸರೆ ನಿಲ್ಲಿಸಿ, ಆಮೇಲೆಯೇ ಕೊಳವೆಗೆ ಕೈ ಹಾಕುವುದು. ಪೂರ್ತಿ ಚಾಚಿಕೊಂಡ ಕೊಳವೆಯ ಮೇಲೆ ಒತ್ತಡ ಕಡಿಮೆ. ಅರ್ಧ ತೆರೆದ ಬಾಗಿಲಿನಲ್ಲಿ ಬಿಚ್ಚಿದರೆ ಅದು ಬಾಣದಂತೆ ಚಿಮ್ಮುತ್ತದೆ. ತುದಿಯ ಬಟ್ಟಲಿನ ಹಿಂದೆ ಇರುವ ತಂತಿಯ ಕ್ಲಿಪ್ಪನ್ನು ಸಣ್ಣ ಸ್ಕ್ರೂಡ್ರೈವರಿನಿಂದ ತುಸು ಮೀಟಿದರೆ ಸಾಕು, ಬಟ್ಟಲು ಗುಂಡಿನಿಂದ ಕಳಚುತ್ತದೆ. ಕೆಲವು ಗಾಡಿಗಳಲ್ಲಿ ಕ್ಲಿಪ್ಪಿನ ಬದಲು ಬೋಲ್ಟು ಇರುತ್ತದೆ. ಮೊದಲು ಒಂದು ಕಡೆಯದನ್ನು ಪೂರ್ತಿ ಬದಲಿಸಿ, ಅನಂತರ ಇನ್ನೊಂದು ಕಡೆಗೆ ಹೋಗುವುದು ಜಾಣತನ. ಕೊನೆಗೆ ಬಾಗಿಲನ್ನು ಮೆಲ್ಲನೆ, ಕಣ್ಣಿಟ್ಟು, ಒಮ್ಮೆ ಮುಚ್ಚಿ ನೋಡಬೇಕು.

ಬಿಚ್ಚಿದ ಹಳೆಯ ಕೊಳವೆ ಸತ್ತಂತೆ ಕಂಡರೂ ಸತ್ತಿರುವುದಿಲ್ಲ. ಮೇಲಿನ ಲೆಕ್ಕದಂತೆ ಬಾಗಿಲು ಬೀಳಿಸುವ ಕೊಳವೆಯಲ್ಲೂ 80 ಬಾರಿಗಿಂತ ಹೆಚ್ಚು ಒತ್ತಡ ಉಳಿದಿರುತ್ತದೆ. ಅದನ್ನು ಗರಗಸದಿಂದ ಕೊಯ್ಯುವುದು, ಬೆಂಕಿಗೆ ಹಾಕುವುದು, ಪಕ್ಕದಲ್ಲೇ ವೆಲ್ಡಿಂಗ್ ಮಾಡುವುದು ಪ್ರಾಣಕ್ಕೆ ಎರವಾಗಬಲ್ಲ ಸಾಹಸ. ಗುಜರಿಗೆ ಕೊಡುವಾಗಲೂ ಅದು ಗ್ಯಾಸಿನ ಕೊಳವೆ ಎಂದು ಹೇಳಿಯೇ ಕೊಡಬೇಕು. ಕೊಯ್ಯುವವನು ಅದನ್ನು ಬರಿಯ ಕಬ್ಬಿಣವೆಂದೇ ತಿಳಿದಿರಬಹುದು. ಹಳೆಯದಕ್ಕೆ ತೂತು ಕೊರೆದು, ಅನಿಲ ತುಂಬಿ, ತೂತು ಮುಚ್ಚಿ ಕೊಡುವ ಅಗ್ಗದ ಉಪಾಯವೂ ಅಷ್ಟೇ ಅನುಮಾನದ್ದು. ಸವೆದ ಸೀಲು ಹಾಗೆಯೇ ಉಳಿದಿರುತ್ತದೆ, ಕೊರೆದ ಜಾಗ ದುರ್ಬಲವಾಗಿರುತ್ತದೆ.

ಬಿಚ್ಚಲಾಗದ ವಸ್ತು

ಟೌನ್‌ಹಾಲಿನಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜೆ.ಸಿ. ರಸ್ತೆ ಬೆಂಗಳೂರಿನ ವಾಹನ ಬಿಡಿಭಾಗಗಳ ಪೇಟೆ. ಕಲಾಸಿಪಾಳ್ಯದ ಅಂಚಿನ ಈ ಪ್ರದೇಶ ಬಹುಕಾಲ ದುರಸ್ತಿಯ ವಿದ್ಯಾಪೀಠವಾಗಿತ್ತು. ಕುಸಿದ ಪಟ್ಟಾ ಸ್ಪ್ರಿಂಗನ್ನು ಕಾಯಿಸಿ ಬಡಿದು ಮತ್ತೆ ಬಾಗಿಸುವುದು, ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು ಕೂರಿಸುವುದು, ಡೈನಮೊಗೆ ತಂತಿ ಸುತ್ತುವುದು, ಇವೆಲ್ಲ ಕೈಯಿಂದ ಕೈಗೆ ಬಂದ ಕಸಬುಗಳು. ಕಮ್ಮಾರನ ಅರಿವು ಅಲ್ಲಿ ಕಾರಿನೊಳಗೂ ಮುಂದುವರಿದಿತ್ತು. ಗ್ಯಾಸ್ ಕೊಳವೆ ಈ ಪರಂಪರೆಗೆ ಒಂದು ಗೆರೆ ಎಳೆಯಿತು. ಅದನ್ನು ಬಿಚ್ಚುವಂತಿಲ್ಲ, ಬಡಿಯುವಂತಿಲ್ಲ, ಸುತ್ತುವಂತಿಲ್ಲ. ಮೆಕ್ಯಾನಿಕ್ಕಿನ ಜಾಣ್ಮೆ ಸರಿಪಡಿಸುವುದರಿಂದ ಸರಿಯಾದುದನ್ನು ಗುರುತಿಸಿ ತರುವುದಕ್ಕೆ ಸರಿಯಿತು. ಆಮೇಲೆ ಬಂದ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಅದೇ ಗೆರೆಯನ್ನು ಇನ್ನಷ್ಟು ದಪ್ಪ ಮಾಡಿದವು.

ಹಾಗೆಂದು ಹಳೆಯ ಕಾರಿಗೆ ಇದು ಶಾಪವೇನೂ ಅಲ್ಲ. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದರೂ, ಪರೀಕ್ಷೆಯಲ್ಲಿ ಗಾಡಿ ಯೋಗ್ಯವೆಂದು ಕಂಡರೆ ಐದೈದು ವರ್ಷಕ್ಕೆ ನವೀಕರಿಸಲು ಅವಕಾಶವಿದೆ. 2021ರ ನಿಯಮಗಳ ಪ್ರಕಾರ ಗುಜರಿಗೆ ಹೋಗುವ ವಾಹನಗಳಿಗೆ ನೋಂದಾಯಿತ ಕೇಂದ್ರಗಳ ವ್ಯವಸ್ಥೆಯೂ ಬಂದಿದೆ. ಎಂಜಿನ್ ಚೆನ್ನಾಗಿರುವ ಗಾಡಿಯನ್ನು ಸಣ್ಣಪುಟ್ಟ ತೊಂದರೆಗೆ ಬೇಸತ್ತು ಮಾರಿಬಿಡುವವರು ಉಂಟು. ಜಾರುವ ಹಿಂಬಾಗಿಲು ಅಂಥ ಬೇಸರಗಳಲ್ಲಿ ಒಂದು. ಎರಡು ಕೊಳವೆಗಳ ಬೆಲೆಗೆ ಆ ಬೇಸರ ತೀರುತ್ತದೆ; ತಲೆಯೂ ಬೆರಳೂ ಉಳಿಯುತ್ತವೆ. ಪೊರಕೆಯ ಹಿಡಿ ತನ್ನ ಕೆಲಸಕ್ಕೆ ಹಿಂದಿರುಗಬಹುದು.